ರೆಫರ್ ಚೀಟಿಯೇ ಚಿಕಿತ್ಸೆಯಾದಾಗ

2025ರ ಮಳೆಗಾಲದ ಆರಂಭದಲ್ಲಿ ಹಾಸನ ಜಿಲ್ಲೆ ರಾಜ್ಯದ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿತ್ತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಯುವಕರೂ ಇದ್ದರು ಎಂಬ ಸುದ್ದಿ ಹಬ್ಬಿತ್ತು. ಎದೆಯಲ್ಲಿ ಸ್ವಲ್ಪ ಉರಿ ಕಂಡರೂ ಜನ ಬಸ್ಸು ಹತ್ತಿದರು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಹಾಸನದಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲವೆಂದು ಜುಲೈನಲ್ಲಿ ವರದಿ ಬಂತು. ಜನ ನಿಟ್ಟುಸಿರು ಬಿಟ್ಟರು.

ಆ ಗಾಬರಿ ತಪ್ಪೆಂದು ನಾವು ಹೇಳುವುದಿಲ್ಲ. ಗಾಬರಿಯಾದ ಕಾರಣಕ್ಕೇ ಸಮಿತಿ ಬಂತು, ವರದಿ ಬಂತು, ಚರ್ಚೆ ನಡೆಯಿತು. ಆದರೆ ಅದೇ ಜಿಲ್ಲೆಯಲ್ಲಿ, ಅದೇ ವಯಸ್ಸಿನ ಜನರನ್ನು ಸದ್ದಿಲ್ಲದೆ ತೆಗೆದುಕೊಂಡು ಹೋಗುತ್ತಿರುವ ಇನ್ನೊಂದು ಬಗೆಯ ರೋಗಗಳಿವೆ. ಅವುಗಳಿಗೆ ಮುಖಪುಟವಿಲ್ಲ, ಸಮಿತಿಯಿಲ್ಲ. ಅವು ಹೊಟ್ಟೆಯ ರೋಗಗಳು, ಅದರಲ್ಲೂ ಲಿವರ್ ಅಥವಾ ಪಿತ್ತಜನಕಾಂಗದ ರೋಗಗಳು. ಹೃದಯ ನಿಂತರೆ ನಿಮಿಷಗಳಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ಲಿವರ್ ಸಾಯಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ದೀರ್ಘ ಕಾಲಾವಕಾಶವಿದ್ದೂ ಆ ಸಾವನ್ನು ತಡೆಯಲಾಗದಿದ್ದರೆ ಅದಕ್ಕೆ ವಿಧಿಯನ್ನು ದೂರಿ ಪ್ರಯೋಜನವಿಲ್ಲ. ನಮ್ಮ ವ್ಯವಸ್ಥೆಯನ್ನೇ ಪ್ರಶ್ನಿಸಬೇಕಾಗುತ್ತದೆ.

ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ನಲವತ್ತೈದು ವಯಸ್ಸಿನ ಒಬ್ಬ ರೈತ ರಕ್ತ ವಾಂತಿ ಮಾಡಿದನೆಂದಿಟ್ಟುಕೊಳ್ಳೋಣ. ಹೊಗೆಸೊಪ್ಪು ಬೆಳೆಯುವ ಎರಡೆಕರೆ ಜಮೀನು, ಹೆಂಡತಿ, ಇಬ್ಬರು ಮಕ್ಕಳು. ಆರು ತಿಂಗಳಿಂದ ಕಾಲು ಊದುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು. ಗ್ಯಾಸ್ಟ್ರಿಕ್ ಇರಬೇಕೆಂದು ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿದ್ದ. 108 ಆಂಬುಲೆನ್ಸ್ ಬಂದು ತಾಲ್ಲೂಕು ಆಸ್ಪತ್ರೆಗೆ ಒಯ್ಯುತ್ತದೆ. ಅಲ್ಲಿ ರಾತ್ರಿ ಪಾಳಿಯಲ್ಲಿರುವುದು ಒಬ್ಬರೇ ವೈದ್ಯರು. ಒಂದು ಬಾಟಲಿ ಸಲೈನ್ ಹಾಕಿ, ಒಂದು ಚೀಟಿ ಬರೆದು ಹಾಸನಕ್ಕೆ ಕಳುಹಿಸುತ್ತಾರೆ. ಅಲ್ಲಿಗೆ ಸುಮಾರು 30 ಕಿಲೋಮೀಟರ್. ಅಲ್ಲಿ ಆಗದಿದ್ದರೆ ಮೈಸೂರು, ಇನ್ನು 115 ಕಿಲೋಮೀಟರ್. ಅದೂ ಅಲ್ಲವೆಂದರೆ ಬೆಂಗಳೂರು, ಹಾಸನದಿಂದ 180 ಕಿಲೋಮೀಟರಿಗೂ ಮೇಲೆ. ಇಷ್ಟು ಓಡಾಟದಲ್ಲಿ ರೋಗಿಗೆ ಸಿಕ್ಕ ಚಿಕಿತ್ಸೆ ಯಾವುದೆಂದು ಕೇಳಿದರೆ, ಆತನ ಜೇಬಿನಲ್ಲಿರುವ ಚೀಟಿಯನ್ನೇ ತೋರಿಸಬೇಕಾಗುತ್ತದೆ.

ಅಂತಹ ಒಂದು ರೆಫರ್ ಚೀಟಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅದರಲ್ಲಿ ಇದ್ದುದು ಇಷ್ಟೇ: "ರಕ್ತ ವಾಂತಿ. ಉನ್ನತ ಚಿಕಿತ್ಸೆಗಾಗಿ ಕಳುಹಿಸಲಾಗಿದೆ." ರಕ್ತದೊತ್ತಡ ಎಷ್ಟಿತ್ತು, ಏನು ಔಷಧ ಕೊಟ್ಟರು, ಮುಂದಿನ ಆಸ್ಪತ್ರೆಯವರಿಗೆ ಫೋನ್ ಮಾಡಿದರೇ ಎಂಬುದು ಯಾವುದೂ ಇರಲಿಲ್ಲ. ಇಂತಹ ಚೀಟಿ ರೋಗಿಯನ್ನು ಉಳಿಸುವುದಿಲ್ಲ. ಆತ ನಮ್ಮಲ್ಲಿ ಸಾಯಲಿಲ್ಲ ಎಂಬ ದಾಖಲೆಯನ್ನಷ್ಟೇ ಉಳಿಸುತ್ತದೆ.

ಹಾಗಾದರೆ ಆ ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಸಾಧ್ಯವಿತ್ತು? ಲಿವರ್ ಗಟ್ಟಿಯಾಗಿ ಗಂಟುಗಂಟಾಗುವ ಸಿರೋಸಿಸ್ ರೋಗದಲ್ಲಿ ರಕ್ತ ತನ್ನ ಮಾಮೂಲು ದಾರಿಯಲ್ಲಿ ಹರಿಯಲಾಗದೆ ಅನ್ನನಾಳದ ರಕ್ತನಾಳಗಳಿಗೆ ನುಗ್ಗುತ್ತದೆ. ಅವು ಉಬ್ಬಿ ಒಂದು ದಿನ ಒಡೆಯುತ್ತವೆ. ಎಂಡೋಸ್ಕೋಪಿ ಮೂಲಕ ಆ ನಾಳಗಳಿಗೆ ರಬ್ಬರ್ ಬಳೆ ತೊಡಿಸಿ ರಕ್ತ ನಿಲ್ಲಿಸುವುದು ಸರಿಯಾದ ಚಿಕಿತ್ಸೆ. ಸಾಧ್ಯವಾದರೆ 12 ಗಂಟೆಯೊಳಗೆ ಅದು ಆಗಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆದರೆ ಅದಕ್ಕೂ ಮೊದಲೇ, ಸಂಶಯ ಬಂದ ಕ್ಷಣದಲ್ಲೇ, ಆಕ್ಟ್ರಿಯೋಟೈಡ್ ಅಥವಾ ಟರ್ಲಿಪ್ರೆಸಿನ್ ಎಂಬ ಔಷಧ ಕೊಟ್ಟು ಆ ನಾಳಗಳ ಒತ್ತಡ ತಗ್ಗಿಸಬೇಕು. ಜೊತೆಗೆ ಸೆಫ್ಟ್ರಿಯಾಕ್ಸೋನ್‌ನಂತಹ ಒಂದು ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡಬೇಕು, ಏಕೆಂದರೆ ಇಂತಹ ರೋಗಿಗಳನ್ನು ರಕ್ತಸ್ರಾವದಂತೆಯೇ ಸೋಂಕೂ ಕೊಲ್ಲುತ್ತದೆ. ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ ರಕ್ತ ಕೊಡಬೇಕು. ಇವುಗಳಲ್ಲಿ ಯಾವುದಕ್ಕೂ ಬೆಂಗಳೂರಿನ ತಜ್ಞರೇ ಬೇಕಾಗಿಲ್ಲ. ಒಬ್ಬ ಎಂಬಿಬಿಎಸ್ ವೈದ್ಯರು, ಒಬ್ಬ ನರ್ಸ್, ಬೀರುವಿನಲ್ಲಿ ಔಷಧ ಇದ್ದರೆ ಸಾಕು.

ಇದು ಕಲ್ಪನೆಯ ಮಾತಲ್ಲ. ಹೃದಯದ ವಿಷಯದಲ್ಲಿ ನಮ್ಮ ಸರ್ಕಾರವೇ ಇದನ್ನು ಒಪ್ಪಿಕೊಂಡಿದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯ ತಿರುಳೇ ಇದು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸಿ, ಹೊರಗೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. ಎದೆ ನೋವು ಎಂದು ಬಂದವನಿಗೆ ಮೊದಲು ಚಿಕಿತ್ಸೆ, ಆಮೇಲೆ ಆಂಬುಲೆನ್ಸ್. ಹೊಟ್ಟೆಯಿಂದ ರಕ್ತ ಬಂದವನಿಗೆ ಮಾತ್ರ ಮೊದಲು ಆಂಬುಲೆನ್ಸ್, ಚಿಕಿತ್ಸೆ ಆಮೇಲೆ. ಈ ತಾರತಮ್ಯ ಏಕೆ?

ಸರ್ಕಾರ ಬಿಟ್ಟ ಜಾಗವನ್ನು ಮಾರುಕಟ್ಟೆ ಬೇಗ ಗುರುತಿಸಿದೆ. ಬಸ್‌ಸ್ಟ್ಯಾಂಡಿನ ಫಲಕಗಳಲ್ಲಿ, ಕರಪತ್ರಗಳಲ್ಲಿ, ಮೊಬೈಲಿನ ಜಾಹೀರಾತುಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ನಮ್ಮ ಊರುಗಳ ಹೆಸರುಗಳು ಸಾಲಾಗಿ ಬರುತ್ತವೆ. 'ಈ ಭಾಗದ ಜನರಿಗೆ ಜೀರ್ಣಾಂಗ ಮತ್ತು ಲಿವರ್ ಕಾಯಿಲೆಗಳಿಗೆ ವಿಶ್ವದರ್ಜೆಯ ಚಿಕಿತ್ಸೆ' ಎಂಬ ಆಶ್ವಾಸನೆ ಇರುತ್ತದೆ. ಖಾಸಗಿ ಆಸ್ಪತ್ರೆಗಳೆಲ್ಲ ಕೆಟ್ಟವೆಂದು ನಾವು ಹೇಳುವುದಿಲ್ಲ. ಅಲ್ಲಿಯೂ ಪ್ರಾಮಾಣಿಕ ವೈದ್ಯರಿದ್ದಾರೆ, ಅವರಿಂದ ಬದುಕುಳಿದವರೂ ಇದ್ದಾರೆ. ನಮ್ಮ ಪ್ರಶ್ನೆ ಬೇರೆ. ಸರ್ಕಾರದ ಕಡತದಲ್ಲಿ ಒಂದು ತಾಲ್ಲೂಕಿನ ಜನ ಹಕ್ಕುದಾರರಾಗಿ ಕಾಣುವ ಮೊದಲೇ ಜಾಹೀರಾತಿನಲ್ಲಿ ಗಿರಾಕಿಗಳಾಗಿ ಕಂಡರೆ, ಆ ತಾಲ್ಲೂಕಿನ ಜನಪ್ರತಿನಿಧಿಗಳು ಇಷ್ಟು ವರ್ಷ ಏನು ನೋಡುತ್ತಿದ್ದರು?

'ಹಳ್ಳಿಗಾಡಿಗೆ ತಜ್ಞರು ಬರುವುದಿಲ್ಲ, ನಾವೇನು ಮಾಡೋಣ' ಎಂಬ ಸಿದ್ಧ ಉತ್ತರ ನಮಗೆ ಗೊತ್ತು. ಎಂಬಿಬಿಎಸ್, ಅದರ ಮೇಲೆ ಮೂರು ವರ್ಷ ಎಂ.ಡಿ., ಅದರ ಮೇಲೆ ಮತ್ತೆ ಮೂರು ವರ್ಷ ಡಿ.ಎಂ. ಓದಿದ ಜೀರ್ಣಾಂಗ ತಜ್ಞರು ಪ್ರತಿ ತಾಲ್ಲೂಕಿಗೂ ಬರಲಾರರೆಂಬುದು ನಿಜ. ಅವರನ್ನು ಪ್ರತಿ ತಾಲ್ಲೂಕಿಗೂ ಕೊಡಿ ಎಂದು ನಾವು ಕೇಳುತ್ತಲೂ ಇಲ್ಲ. ಆದರೆ ತಜ್ಞರ ತಿಳಿವಳಿಕೆ ಬರಬಹುದಲ್ಲ! ಅಮೆರಿಕದ ನ್ಯೂಮೆಕ್ಸಿಕೊದಲ್ಲಿ ಭಾರತೀಯ ಮೂಲದ ಲಿವರ್ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ ಒಂದು ಪ್ರಯತ್ನ ಆರಂಭಿಸಿದರು. ಹೆಪಟೈಟಿಸ್ ಸಿ ರೋಗಿಗಳು ತಮ್ಮ ಬಳಿಗೆ ನೂರಾರು ಮೈಲಿ ಬರುವ ಬದಲು, ಹಳ್ಳಿಗಳ ಸಾಮಾನ್ಯ ವೈದ್ಯರನ್ನೇ ವಾರಕ್ಕೊಮ್ಮೆ ವಿಡಿಯೋ ಮೂಲಕ ಕೂರಿಸಿಕೊಂಡು ಒಂದೊಂದು ರೋಗಿಯ ವಿಷಯ ಚರ್ಚಿಸಿ ಕಲಿಸುವುದು. 2011ರಲ್ಲಿ ಫಲಿತಾಂಶ ಪ್ರಕಟವಾದಾಗ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗುಣವಾದವರು ಶೇ. 57.5, ಹಳ್ಳಿಯ ವೈದ್ಯರ ಕೈಯಲ್ಲಿ ಗುಣವಾದವರು ಶೇ. 58.2. ಆಗಿನ್ನೂ ಹಳೆಯ, ಕಷ್ಟದ ಔಷಧಗಳ ಕಾಲ.

ಅಮೆರಿಕದ ಮಾತು ನಮಗೇಕೆ ಎನ್ನುವವರು ಪಂಜಾಬ್ ನೋಡಲಿ. 2016ರಲ್ಲಿ ಆ ರಾಜ್ಯ ಹೆಪಟೈಟಿಸ್ ಸಿ ರೋಗಿಗಳಿಗೆ ಉಚಿತ ಚಿಕಿತ್ಸೆ ಆರಂಭಿಸಿತು. ಚಂಡೀಗಢದ ಪಿಜಿಐ ಸಂಸ್ಥೆಯ ತಜ್ಞರು ಜಿಲ್ಲಾ ಆಸ್ಪತ್ರೆಗಳ ಫಿಸಿಷಿಯನ್‌ಗಳಿಗೆ ತರಬೇತಿ ಕೊಟ್ಟರು, ದೂರದಿಂದಲೇ ಸಲಹೆ ಕೊಡುತ್ತಾ ಬಂದರು. ಹನ್ನೆರಡು ವಾರಗಳ ಮಾತ್ರೆಯ ಚಿಕಿತ್ಸೆ. ಚಿಕಿತ್ಸೆ ಮುಗಿಸಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾದರು. ಪಂಜಾಬಿನ ಜಿಲ್ಲಾ ವೈದ್ಯರಿಗೆ ಸಾಧ್ಯವಾದದ್ದು ಹೊಳೆನರಸೀಪುರದ ವೈದ್ಯರಿಗೆ ಅಸಾಧ್ಯವೇ?

ಕೇಂದ್ರ ಸರ್ಕಾರ 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನದಂದೇ, ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ ಉಚಿತ, ಔಷಧ ಉಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇರುವವರು ಸುಮಾರು 2.98 ಕೋಟಿ, ಸಿ ಇರುವವರು ಸುಮಾರು 55 ಲಕ್ಷ. ಅವರಲ್ಲಿ ಬಹುಪಾಲು ಜನರಿಗೆ ತಮಗೆ ಅದು ಇದೆಯೆಂಬುದೇ ಗೊತ್ತಿಲ್ಲ. ಸಿ ವೈರಸ್ಸನ್ನು ಮಾತ್ರೆಗಳು ಸಂಪೂರ್ಣ ಗುಣಪಡಿಸುತ್ತವೆ. ಬಿ ವೈರಸ್ಸನ್ನು ದಿನಕ್ಕೊಂದು ಮಾತ್ರೆ ಹದ್ದುಬಸ್ತಿನಲ್ಲಿಡುತ್ತದೆ. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕುವ ಲಸಿಕೆ ತಾಯಿಯಿಂದ ಮಗುವಿಗೆ ಹೋಗುವ ಬಿ ಸೋಂಕನ್ನು ಬಹುಮಟ್ಟಿಗೆ ತಡೆಯುತ್ತದೆ. ಇಷ್ಟೆಲ್ಲ ಇದ್ದೂ ಚನ್ನರಾಯಪಟ್ಟಣದ ಸಂತೆಯಲ್ಲಿ ನಿಂತು 'ಹೆಪಟೈಟಿಸ್ ಬಿ ಪರೀಕ್ಷೆ ಉಚಿತವಾಗಿ ಎಲ್ಲಿ ಮಾಡುತ್ತಾರೆ' ಎಂದು ಕೇಳಿ ನೋಡಿ. ಪೋಲಿಯೋ ಹನಿಯ ಬಗ್ಗೆ ಆದ ಪ್ರಚಾರದ ಹತ್ತರಲ್ಲಿ ಒಂದು ಭಾಗವಾದರೂ ಇದಕ್ಕೆ ಆಗಿದ್ದರೆ ಉತ್ತರ ಸಿಗುತ್ತಿತ್ತು.

ಇಲ್ಲಿ ನಾವು ನಮ್ಮತ್ತಲೂ ಬೆರಳು ತೋರಿಸಿಕೊಳ್ಳಬೇಕು. ಲಿವರ್ ರೋಗವೆಂದರೆ ಕುಡುಕರ ರೋಗ ಎಂಬ ತೀರ್ಮಾನ ನಮ್ಮ ಸಮಾಜದಲ್ಲಿ ಬೇರೂರಿದೆ. ಕಣ್ಣು ಹಳದಿಯಾದವನನ್ನು ನೋಡಿದೊಡನೆ ನೆರೆಹೊರೆಯವರು ಪಿಸುಗುಡುತ್ತಾರೆ. ಕೆಲವೊಮ್ಮೆ ಆಸ್ಪತ್ರೆಯ ಸಿಬ್ಬಂದಿಯೂ 'ಎಷ್ಟು ವರ್ಷದಿಂದ ಕುಡೀತೀಯಾ' ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತಾರೆ. ಕುಡಿತವೆಂದರೇನೆಂದೇ ತಿಳಿಯದ ಒಬ್ಬ ಮುಸ್ಲಿಂ ಗೃಹಿಣಿ, ಹುಟ್ಟಿನಿಂದಲೇ ಬಂದ ಹೆಪಟೈಟಿಸ್ ಬಿಯಿಂದ ಸಿರೋಸಿಸ್‌ಗೆ ತುತ್ತಾದರೆ ಆಕೆ ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕು? ಆಕೆ ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾಳೆ. ಕಾಮಾಲೆಯವನ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ರೋಗಿಯೆಲ್ಲ ಕುಡುಕನಾಗಿ ಕಾಣುವ ಸಮಾಜದ ಕಣ್ಣಿಗೇ ಕಾಮಾಲೆ ಹಿಡಿದಿದೆ.

ಇದರ ಇನ್ನೊಂದು ಮುಖವೂ ಇದೆ. 'ನಾವು ಕುಡಿಯುವವರಲ್ಲ, ನಮಗೇಕೆ ಬರುತ್ತದೆ' ಎಂಬ ನೆಮ್ಮದಿ ಮುಸ್ಲಿಂ ಮನೆಗಳಲ್ಲೂ, ಕುಡಿತದಿಂದ ದೂರವಿರುವ ಇತರ ಮನೆಗಳಲ್ಲೂ ಇದೆ. ಸಕ್ಕರೆ ಕಾಯಿಲೆ, ಬೊಜ್ಜು, ಕುಳಿತಲ್ಲೇ ಮಾಡುವ ಕೆಲಸ, ಎಣ್ಣೆ ಸಿಹಿಗಳ ಊಟ – ಇವು ಹನಿ ಮದ್ಯವಿಲ್ಲದೆಯೇ ಲಿವರಿನಲ್ಲಿ ಕೊಬ್ಬು ತುಂಬಿಸುತ್ತವೆ. ಆ ಕೊಬ್ಬಿನ ಲಿವರ್ ಕೆಲವರಲ್ಲಿ ಸಿರೋಸಿಸ್‌ವರೆಗೂ ಹೋಗುತ್ತದೆ. ಹಬ್ಬದ ಊಟದ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ, ಆದರೆ ವರ್ಷವಿಡೀ ಹಬ್ಬ ಮಾಡುವ ಹೊಟ್ಟೆಗೆ ಲೆಕ್ಕ ಕೊಡಬೇಕಾಗುತ್ತದೆ. ಹಾಗೆಯೇ ಸುನ್ನತಿ ಮಾಡುವಾಗ, ಕಿವಿ ಚುಚ್ಚಿಸುವಾಗ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವಾಗ, ಕ್ಷೌರದಂಗಡಿಯಲ್ಲಿ ಗಡ್ಡ ಹೆರೆಸುವಾಗ ಒಬ್ಬರಿಗೆ ಬಳಸಿದ ಬ್ಲೇಡು ಸೂಜಿಗಳು ಇನ್ನೊಬ್ಬರಿಗೆ ಬಂದರೆ ವೈರಸ್ಸೂ ಜೊತೆಗೇ ಬರುತ್ತದೆ. ಅದು ಜಾತಿ ಧರ್ಮ ಕೇಳುವುದಿಲ್ಲ. ರಕ್ತಪರೀಕ್ಷೆಯಲ್ಲಿ ಬಿ ವೈರಸ್ ಕಂಡ ಹುಡುಗಿಯ ಸಂಬಂಧ ಮುರಿಯುವ ಹಿರಿಯರು, ವರನಿಗೆ ಲಸಿಕೆ ಹಾಕಿಸಿದರೆ ಆತ ಸುರಕ್ಷಿತ ಎಂಬ ಸರಳ ಸಂಗತಿಯನ್ನು ಯಾವಾಗ ತಿಳಿಯುತ್ತಾರೆ?

ಇನ್ನು ಹಸಿರು ಔಷಧಿಯ ಮಾತು. ಜಾಂಡೀಸ್ ಎಂದೊಡನೆ ಸೊಪ್ಪಿನ ರಸ ಕೊಡುವವರ ಮನೆ ಹುಡುಕುವುದು, ಕೈಗೆ ಬರೆ ಹಾಕಿಸುವುದು ನಮ್ಮ ಕಡೆ ಇಂದಿಗೂ ಇದೆ. ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹೆಸರು ಸೊಪ್ಪಿಗೆ ಬರುತ್ತದೆ. ನೆಲನೆಲ್ಲಿಯ ಬಗ್ಗೆ ಮದ್ರಾಸಿನ ವಿಜ್ಞಾನಿಗಳು 1988ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದ್ದರು, ಬಿ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಆ ಅಧ್ಯಯನದಲ್ಲಿದ್ದರು. ಆದರೆ ನಂತರದ ಪರೀಕ್ಷೆಗಳಲ್ಲಿ ಆ ಗುಣ ಖಚಿತವಾಗಲಿಲ್ಲ. ಅದೇ ಜಾಂಡೀಸ್ ಗರ್ಭಿಣಿಗೆ ಹೆಪಟೈಟಿಸ್ ಇ ವೈರಸ್ಸಿನಿಂದ ಬಂದಿದ್ದರೆ ಸೊಪ್ಪಿನ ರಸ ಕುಡಿಸುತ್ತಾ ಕಳೆದ ಒಂದು ವಾರ ತಾಯಿಯ ಪ್ರಾಣಕ್ಕೇ ಕುತ್ತು. ಜನರನ್ನು ಮೂಢರೆಂದು ಬೈಯುವುದು ಸುಲಭ. ಆದರೆ ಹತ್ತಿರದ ಆಸ್ಪತ್ರೆಯಲ್ಲಿ ಸಿಗುವುದು ಬರೀ ಚೀಟಿಯಾದರೆ ಸೊಪ್ಪಿನವನ ಮನೆಯೇ ಹತ್ತಿರವಾಗುತ್ತದೆ ಎಂಬುದನ್ನೂ ಬೈಯುವವರು ಯೋಚಿಸಲಿ.

ಈಗ ಹಣದ ಮಾತಿಗೆ ಬರೋಣ. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಹೋಗಿ ಬಾಟಲಿ ಬಂತು. 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಎಂಬ ಶಬ್ದವನ್ನು ಓದುಗರು ಗಮನಿಸಬೇಕು. ಜನ ಕುಡಿದರೆ ಬರುವ ಹಣವನ್ನು ಲೆಕ್ಕ ಹಾಕುವುದು ಒಂದು. ಇಷ್ಟು ಬರಲೇಬೇಕೆಂದು ಅಧಿಕಾರಿಗಳ ಬೆನ್ನು ಹತ್ತುವುದು ಇನ್ನೊಂದು. ಈ ಹಣದಲ್ಲಿ ಹಾಸನ ಜಿಲ್ಲೆಯ ಕೂಲಿಯವರ, ಆಟೋ ಚಾಲಕರ, ಸಣ್ಣ ರೈತರ ಸಂಜೆಯ ದುಡಿಮೆಯೂ ಇದೆ. ನಲವತ್ತು ಸಾವಿರ ಕೋಟಿಯಲ್ಲಿ ನೂರಕ್ಕೆ ಒಂದು ಪಾಲೆಂದರೆ 400 ಕೋಟಿ. ಒಂದು ಸಾಮಾನ್ಯ ಎಂಡೋಸ್ಕೋಪಿ ಯಂತ್ರದ ಬೆಲೆ ಲಕ್ಷಗಳಲ್ಲಿದೆ, ಕೋಟಿಗಳಲ್ಲಿಲ್ಲ. ಜನರ ಲಿವರಿನಿಂದ ಆದಾಯ ಪಡೆಯುವ ಸರ್ಕಾರಕ್ಕೆ ಆ ಲಿವರಿನ ಹೊಣೆ ಬೇಡವೆಂದರೆ ಅದು ಯಾವ ನ್ಯಾಯ? ಕುಡಿಯುವವನೂ ನಮ್ಮವನೇ. ಆತನ ತಪ್ಪನ್ನು ತೋರಿಸಿ ಆತನ ಮಕ್ಕಳನ್ನು ಅನಾಥರನ್ನಾಗಿಸುವ ಅಧಿಕಾರ ಯಾರಿಗೂ ಇಲ್ಲ. ಸಿರೋಸಿಸ್ ಆದ ಮೇಲೂ ಕುಡಿತ ಬಿಟ್ಟವರು ಹೆಚ್ಚು ವರ್ಷ ಬದುಕುತ್ತಾರೆ. ಬಿಡಿಸಲು ನೆರವು ಬೇಕು, ಉಪದೇಶ ಸಾಲದು.

'ಆಯುಷ್ಮಾನ್ ಕಾರ್ಡ್ ಇದೆಯಲ್ಲ' ಎನ್ನುತ್ತಾರೆ. ಇದೆ. 2018ರಿಂದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಭರವಸೆ ಇದೆ, ಅದರಿಂದ ಎಷ್ಟೋ ಜೀವ ಉಳಿದಿವೆ. ಆದರೆ ಆ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಲಿವರ್ ರೋಗಿ ವರ್ಷದಲ್ಲಿ ಹತ್ತು ದಿನ ಮಾತ್ರ ದಾಖಲಾಗಿರುತ್ತಾನೆ, ಉಳಿದ 355 ದಿನ ಮನೆಯಲ್ಲೇ ಮಾತ್ರೆ ನುಂಗುತ್ತಾನೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುತ್ತಾನೆ. ಆ ಖರ್ಚು, ಬಸ್ ಚಾರ್ಜು, ಜೊತೆಗೆ ಬಂದವನ ಕೂಲಿ ನಷ್ಟ ಯಾವ ಕಾರ್ಡಿಗೂ ಬರುವುದಿಲ್ಲ. ಮನೆಯ ಹಸು ಮಾರಿ ಹೋಗುವುದು, ಮಸೀದಿಯಲ್ಲೋ ಊರ ಚಾವಡಿಯಲ್ಲೋ ಚಂದಾ ಎತ್ತುವುದು ಇಂತಹ ಹೊತ್ತಿನಲ್ಲೇ. ಚಂದಾ ಎತ್ತುವ ಜನರ ಔದಾರ್ಯ ದೊಡ್ಡದು. ಆದರೆ ಸರ್ಕಾರದ ಕರ್ತವ್ಯವನ್ನು ಜನರ ದಾನದಿಂದ ತೂಗಿಸಿಕೊಂಡು ಹೋಗುವುದು ಅವಮಾನಕರ.

ಹಾಸನ ನಿರ್ಗತಿಕ ಜಿಲ್ಲೆಯೇನಲ್ಲ. ಹೊಳೆನರಸೀಪುರ ತಾಲ್ಲೂಕು ದೇಶಕ್ಕೆ ಒಬ್ಬ ಪ್ರಧಾನಿಯನ್ನು ಕೊಟ್ಟಿದೆ. 2006ರಲ್ಲಿ ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಅಂದರೆ ಮಧ್ಯದಲ್ಲಿ ಒಂದು ದೊಡ್ಡಾಸ್ಪತ್ರೆ, ಅದರ ಸುತ್ತ ಮೂವತ್ತು ನಲವತ್ತು ಕಿಲೋಮೀಟರಿನೊಳಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಗಳು. ಇದಕ್ಕಿಂತ ಅನುಕೂಲವಾದ ಜೋಡಣೆ ಬೇರೇನು ಬೇಕು? ನಾವು ಕೇಳುವುದು ದೊಡ್ಡ ಕಟ್ಟಡಗಳನ್ನಲ್ಲ.

ರಕ್ತ ವಾಂತಿ ಎಂದು ಬಂದ ರೋಗಿಗೆ ಕೊಡಬೇಕಾದ ಔಷಧಗಳು ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ದಿನದ 24 ಗಂಟೆಯೂ ಇರಬೇಕು. ಅವನ್ನು ಕೊಡದೆ, ಮುಂದಿನ ಆಸ್ಪತ್ರೆಗೆ ತಿಳಿಸದೆ ರೆಫರ್ ಮಾಡಬಾರದು. ಜಿಲ್ಲಾ ಕೇಂದ್ರದಲ್ಲಿ ರಾತ್ರಿ ಹೊತ್ತಿನಲ್ಲೂ ತುರ್ತು ಎಂಡೋಸ್ಕೋಪಿ ಖಾತ್ರಿಯಾಗಬೇಕು. ತಾಲ್ಲೂಕಿನ ಸರ್ಜನ್ ಮತ್ತು ಫಿಸಿಷಿಯನ್‌ಗಳಿಗೆ ಎಂಡೋಸ್ಕೋಪಿಯ ತರಬೇತಿ ಕೊಟ್ಟು, ವಾರಕ್ಕೊಮ್ಮೆ ವಿಡಿಯೋ ಮೂಲಕ ತಜ್ಞರ ಜೊತೆ ಕೂರಿಸಬೇಕು. ಪ್ರತಿ ಗರ್ಭಿಣಿಗೂ ಹೆಪಟೈಟಿಸ್ ಬಿ ಪರೀಕ್ಷೆ, ಪ್ರತಿ ಮಗುವಿಗೂ ಹುಟ್ಟಿದ ದಿನವೇ ಲಸಿಕೆ ಆಗಬೇಕು, ಅದರ ಲೆಕ್ಕ ಜನರಿಗೆ ಸಿಗಬೇಕು. ಕೇಂದ್ರ ಸರ್ಕಾರ 2021ರಲ್ಲೇ ಕೊಬ್ಬಿನ ಲಿವರ್ ರೋಗವನ್ನು ಸಕ್ಕರೆ ಕಾಯಿಲೆ, ಬಿಪಿಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ವಯಸ್ಸು, ಎರಡು ಲಿವರ್ ಕಿಣ್ವಗಳ ಪ್ರಮಾಣ, ಪ್ಲೇಟ್‌ಲೆಟ್ ಎಣಿಕೆ – ಈ ನಾಲ್ಕನ್ನು ಕೂಡಿಸಿ ಲೆಕ್ಕ ಹಾಕಿದರೆ ಯಾರ ಲಿವರ್ ಅಪಾಯದಲ್ಲಿರಬಹುದೆಂದು ಅಂದಾಜು ಸಿಗುತ್ತದೆ. ಸಕ್ಕರೆ ಕಾಯಿಲೆಗೆ ಬರುವ ಪ್ರತಿಯೊಬ್ಬರಿಗೂ ತಾಲ್ಲೂಕಿನ ಲ್ಯಾಬಿನಲ್ಲೇ ಇದನ್ನು ಮಾಡಬಹುದು. ಕುಡಿತ ಬಿಡಿಸುವ ಚಿಕಿತ್ಸೆಗೆ ಅಬಕಾರಿ ಆದಾಯದಲ್ಲೇ ಒಂದು ಪಾಲು ಮೀಸಲಾಗಬೇಕು.

ಮುಂದಿನ ಬಾರಿ ಮತ ಕೇಳಲು ಬರುವವರ ಮುಂದೆ ರಸ್ತೆ, ಸಮುದಾಯ ಭವನ, ಗೋಪುರ, ಮಿನಾರಗಳ ಪಟ್ಟಿ ಇಡುವ ಮೊದಲು ಈ ಪಟ್ಟಿಯನ್ನು ಇಡೋಣ. ಹಿಂದೂ ಮುಸ್ಲಿಂ ಕ್ರೈಸ್ತ ಜೈನರೆನ್ನದೆ ಎಲ್ಲರೂ ಒಂದೇ ಕಾಗದದ ಮೇಲೆ ಸಹಿ ಹಾಕಲು ಅಡ್ಡಿಯಿಲ್ಲದ ಬೇಡಿಕೆಗಳಿವು. ಅರಕಲಗೂಡಿನ ಆ ರೈತನ ಕೈಗೆ ಮುಂದೆಯೂ ಒಂದು ಚೀಟಿ ಬರಬಹುದು, ಬರಲಿ. ಆದರೆ ಅದರಲ್ಲಿ ಏನು ಚಿಕಿತ್ಸೆ ಕೊಟ್ಟೆವು, ಎಷ್ಟು ಹೊತ್ತಿಗೆ ಕೊಟ್ಟೆವು, ಮುಂದೆ ಯಾರು ಕಾಯುತ್ತಿದ್ದಾರೆ ಎಂಬುದು ಬರೆದಿರಲಿ. ಅಲ್ಲಿಯವರೆಗೆ ನಾವು ಕೇಳುತ್ತಲೇ ಇರಬೇಕಾಗುತ್ತದೆ.